ಆಗೈತಿ, ಆಗತೈತಿ

ನಿವೃತ್ತಿಯಾದ ಮೇಲೂ ತಪ್ಪು ತಿದ್ದುವ ಚಟ ನನ್ನನ್ನು ಬಿಡಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಹಾಗಾಗಿ ಊರಿಗೆಲ್ಲ ‘ಬಾಯಾರು’. ಮದುವೆಯ ಕರೆಯೋಲೆ, ಪಂಚಾಯಿತಿಯ ಫಲಕ, ಬಂಕಾಪುರದ ಅಂಗಡಿಗಳ ಬೋರ್ಡು, ಯಾವುದು ಕಂಡರೂ ಕೈ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಒಮ್ಮೆ ನಮ್ಮ ಭಾಗದ ವಿಧಾನ ಪರಿಷತ್ ಸದಸ್ಯೆ ಜನರಿಗೆ ಹಂಚಿದ ಪತ್ರವೊಂದು ಕೈಗೆ ಬಂತು. ಒಂದೇ ಪುಟ, ಹನ್ನೊಂದು ಕಾಗುಣಿತದ ತಪ್ಪು. ಎಲ್ಲಕ್ಕೂ ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಶಿಗ್ಗಾಂವಿಯ ಅವರ ಕಚೇರಿಗೆ ಕಳಿಸಿದೆ. ಮೂರನೆಯ ದಿನ ಆಕೆಯೇ ನಮ್ಮ ಮನೆ ಹುಡುಕಿಕೊಂಡು ಬಂದರು.

“ಬಾಯಾರ, ಎಲ್ಲಾ ತಿದ್ದೀರಿ, ಮಾರ್ಕ್ಸ್ ಹಾಕೋದು ಮರ್ತೀರಿ,” ಎನ್ನುತ್ತ ಕುಳಿತರು. ಚಹಾ ಮುಗಿಯುವಷ್ಟರಲ್ಲಿ ಪ್ರತಿ ತಿಂಗಳು ಜನರಿಗೆ ಹೋಗುವ ಆ ಪತ್ರ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೇ ಅಂದೆ, ನನಗಿಂತ ಚಿಕ್ಕವರಾದರೂ. ಹಾನಗಲ್ಲಿನಿಂದ ಹಿರೇಕೆರೂರಿಗೆ, ಅಲ್ಲಿಂದ ಸವಣೂರಿಗೆ ತಿರುಗುವಾಗ ಜೀಪಿನಲ್ಲಿ ಕುಳಿತೇ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅದನ್ನು ನಾನು ಅಚ್ಚಿನ ಕನ್ನಡಕ್ಕೆ ತರಬೇಕು. “ಗ್ರಂಥಾಲಯಕ್ಕ ಕುರ್ಚಿ ಬೇಕಂತ ಸಾಹೇಬ್ರಿಗೆ ಮೂರ ಸಲ ಹೇಳೇನಿ, ಮೂರ ಸಲಾನೂ ಚಹಾ ಕುಡಿಸಿ ಕಳಿಸ್ಯಾರ” ಎಂದು ಅವರು ಅಂದರೆ, ‘ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ’ ಎಂದು ನಾನು ಬರೆಯುತ್ತಿದ್ದೆ. ಬಂಕಾಪುರದ ನವಿಲುಗಳು ಬಿತ್ತಿದ ಕಾಳು ಆರಿಸಿಕೊಂಡು ತಿನ್ನುವ ದೂರಿಗೂ ನನ್ನ ಬಳಿ ‘ಸೂಕ್ತ ಕ್ರಮ’ ಸಿದ್ಧವಿತ್ತು. ನವಿಲಿಗೆ ಏನು ಸೂಕ್ತ ಕ್ರಮ ಎಂದು ನಾನು ಯೋಚಿಸಿರಲಿಲ್ಲ. ಪತ್ರ ವಾಟ್ಸಾಪಿನಲ್ಲಿ ಹೋಗುತ್ತಿತ್ತು, ಕೆಲವು ಪ್ರತಿಗಳು ಅಂಗಡಿಗಳ ಗೋಡೆಗೆ. ಯಲವಿಗಿಯಲ್ಲಿ ರೈಲಿಗೆ ಕಾಯುವವರು ಅದನ್ನು ಓದುತ್ತ ನಿಂತದ್ದನ್ನು ಕಂಡು ನಾನು ಬಹಳ ಉಬ್ಬಿದ್ದೆ.

ಒಂದು ಶುಕ್ರವಾರದ ಪತ್ರದಲ್ಲಿ ಹಿರೇಬೆಂಡಿಗೇರಿಯ ಬಸ್ಸಿನ ಸುದ್ದಿ ಇತ್ತು. ಬೆಳಗಿನ ಏಳಕ್ಕೆ ಶಿಗ್ಗಾಂವಿಗೆ ಒಂದು ಬಸ್ಸು ಬೇಕೆಂದು ಅಲ್ಲಿಯ ಹೆಣ್ಣುಮಕ್ಕಳು ಕೇಳುತ್ತಿದ್ದರು. ‘ಬೆಳಗಿನ ಬಸ್ಸಿನ ವ್ಯವಸ್ಥೆ ಆಗಿದೆ’ ಎಂದು ಬರೆದೆ. ವಾಕ್ಯ ಯಾಕೋ ಮೊಟಕಾಗಿ ಕಂಡಿತು. ‘ಬರುವ ಸೋಮವಾರದಿಂದ ವಿದ್ಯಾರ್ಥಿನಿಯರು ಇದರ ಸದುಪಯೋಗ ಪಡೆಯಬೇಕು’ ಎಂದು ನಾನೇ ಸೇರಿಸಿದೆ. ಬಸ್ಸು ಅಂದ ಮೇಲೆ ಸೋಮವಾರದಿಂದಲೇ ಅಲ್ಲವೇ ಓಡುವುದು?

ಸೋಮವಾರ ಹತ್ತು ಗಂಟೆಗೆ ನಾನು ಅಕ್ಕಾರ ಕಚೇರಿಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಬಂದಳು. ಹಿರೇಬೆಂಡಿಗೇರಿಯಲ್ಲಿ ಕುಪ್ಪಸ ಹೊಲಿಯುವವಳು. ಜೊತೆಗೆ ಮಗಳು, ಶಿಗ್ಗಾಂವಿಯಲ್ಲಿ ನರ್ಸಿಂಗ್ ಕಲಿಯಲು ಅದೇ ತಾನೆ ಸೇರಿದವಳು. ತಾಯಿ ನಾಲ್ಕಾಗಿ ಮಡಚಿದ ನನ್ನ ಪತ್ರ ಬಿಚ್ಚಿ, ಒಂದು ಪದದ ಮೇಲೆ ಬೆರಳಿಟ್ಟಳು.

“ಬಾಯಾರ, ಇಲ್ಲಿ ಆಗಿದೆ ಅಂತ ಐತ್ರಿ. ನಾವು ಆರೂವರಿಯಿಂದ ನಿಂತಿದ್ದಿವ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತಂತೆ. ತಾಯಿಗೆ ಕಣ್ಣು ಮಸುಕು. ದಿನಕ್ಕೆ ಬೇಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಅರಿವೆಯ ತುಂಡಿಗೆ ಚುಚ್ಚಿಟ್ಟು ಹೋಗುವವಳು ಮಗಳೇ. ಬಸ್ಸು ಆಗಿದೆ ಎಂದು ಓದಿದ್ದೇ ತಡ, ಶನಿವಾರ ಹೋಗಿ ಹಾಸ್ಟೆಲಿನ ಜಾಗ ಬಿಟ್ಟುಕೊಟ್ಟು ಬಂದಿದ್ದಳು. ಅದು ಅಂದೇ ಇನ್ನೊಬ್ಬಳಿಗೆ ಹೋಗಿತ್ತು. ತರಗತಿ ಎಂಟಕ್ಕೆ, ಮೊದಲ ಬಸ್ಸು ಊರು ಬಿಡುವುದು ಒಂಬತ್ತಕ್ಕೆ. ಹಾಜರಿ ಕಡಿಮೆಯಾದರೆ ಸೀಟು ಹೋಗುತ್ತದೆ.

ಅಕ್ಕಾರು ಕಳಿಸಿದ್ದ ಮಾತನ್ನು ಫೋನಿನಲ್ಲಿ ಮತ್ತೆ ಹಚ್ಚಿ ಕಿವಿಗೆ ಒತ್ತಿ ಹಿಡಿದೆ. ಜೀಪಿನ ಸದ್ದು, ಯಾವುದೋ ಲಾರಿಯ ಹಾರ್ನು, ನಡುವೆ ಅವರ ದನಿ: “ಹಿರೇಬೆಂಡಿಗೇರಿ ಬಸ್ಸಿಂದು ಆಗತೈತಿ.” ನಮ್ಮ ಮನೆಯ ಮಾತಿನಲ್ಲಿ ಮುಗಿದದ್ದಕ್ಕೆ ‘ಆಗ್ಯದ’, ಮುಂದೆ ಆಗುವುದಕ್ಕೆ ‘ಆಗ್ತದ’. ಅಕ್ಕಾರ ಕಡೆ ಮುಗಿದದ್ದು ‘ಆಗೈತಿ’, ಮುಂದೆ ಆಗುವುದು ‘ಆಗತೈತಿ’. ನಡುವೆ ಇರುವುದು ಒಂದೇ ಒಂದು ‘ತ’. ಲಾರಿಯ ಹಾರ್ನು ಅದನ್ನು ನುಂಗಿತೋ, ನನ್ನ ಕಿವಿ ನುಂಗಿತೋ. ಸೋಮವಾರವನ್ನಂತೂ ಯಾವ ಹಾರ್ನೂ ಹೇಳಿಕೊಟ್ಟಿರಲಿಲ್ಲ. ಹನ್ನೊಂದು ತಪ್ಪಿಗೆ ಗೆರೆ ಎಳೆದವಳಿಗೆ ಆ ತಾಯಿಯ ಮುಖ ನೋಡಲು ನಾಚಿಕೆಯಾಯಿತು.

ಮಧ್ಯಾಹ್ನ ಅಕ್ಕಾರು ಬಂದರು. ಎಲ್ಲರೆದುರು ನನ್ನ ತಪ್ಪನ್ನು ಹೇಳುತ್ತಾರೆಂದು ಕಾದೆ. ಅವರು ತಾಯಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರು.

“ಅವ್ವ, ನನ್ನ ಹೆಸರಿಲೆ ಬಂದದ್ದು ನನ್ನ ತಪ್ಪು. ಹುಡುಗಿ ಸೀಟ್ ಹೋಗಾಕ ಬಿಡೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಬಾಯಾರ, ನಿಮ್ಮ ಸ್ಕೂಟಿ ಚಾಲೂ ಐತೇನ್ರಿ?”

“ಅದರಿ.”

“ಹಂಗಾರ ಬಸ್ ಬರೂತನಕ ನೀವ ಬಸ್ಸು.”

ಮರುದಿನದಿಂದ ನಾನು ಬಸ್ಸಾದೆ. ಮುಂಜಾನೆ ಆರೂವರೆಗೆ ಹೊರಟು, ಹುಡುಗಿಯನ್ನು ಹಿಂದೆ ಕೂರಿಸಿಕೊಂಡು, ಎಂಟರೊಳಗೆ ಶಿಗ್ಗಾಂವಿ. ಅವಳು ಹಿಂದೆ ಕುಳಿತು ಎಲುಬುಗಳ ಹೆಸರು ಗಟ್ಟಿ ಮಾಡುತ್ತಿದ್ದಳು. ನಾನು ಅರ್ಥ ತಿಳಿಯದಿದ್ದರೂ ಉಚ್ಚಾರ ತಿದ್ದುತ್ತಿದ್ದೆ. “ಬಾಯಾರ, ಸರ್‌ ನೀವು ಹೇಳಿದ್ದ ತಪ್ಪಂದ್ರು” ಎಂದು ಒಂದು ದಿನ ನಕ್ಕಳು. ಊರ ಕಟ್ಟೆಯ ಮೇಲಿನ ಹಿರಿಯರು ನನಗೆ ‘ಆಗಿದೆ ಬಾಯಾರು’ ಎಂದು ಹೆಸರಿಟ್ಟರು. ಸ್ಕೂಟಿ ಕಂಡ ಕೂಡಲೆ “ಬಸ್ ಬಂತ್ ನೋಡ” ಎನ್ನುವರು. ಮೊದಲ ವಾರ ಮೈ ಉರಿಯಿತು. ಎರಡನೆಯ ವಾರ ನಾನೇ ದೂರದಿಂದ ಹಾರ್ನು ಹೊಡೆಯತೊಡಗಿದೆ.

ಅತ್ತ ಅಕ್ಕಾರು ಮೇಲ್ಮನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಬೆಳಗಿನ ಬಸ್ಸುಗಳ ಬಗ್ಗೆ ಪ್ರಶ್ನೆ ಕೇಳಿದರು. ಸಿಕ್ಕ ಉತ್ತರವನ್ನು ಹಿಡಿದುಕೊಂಡು ಡಿಪೋಗೆ ಅಲೆದರು. ಇತ್ತ ಪತ್ರದ ರೂಪ ಬದಲಾಯಿತು. ಇನ್ನು ಮೇಲೆ ‘ಆಗಿಲ್ಲ’ ಎಂಬ ತಲೆಬರಹ ಮೊದಲು, ‘ಆಗಿದೆ’ ಆಮೇಲೆ ಎಂದರು.

“ಇಲ್ಲ ಅಂತ ಪತ್ರ ಶುರು ಮಾಡಬಾರದರಿ, ಓದವ್ರಿಗೆ ಬ್ಯಾಸರ ಆಗ್ತದ,” ಎಂದು ನಾನು ಜಗಳಕ್ಕೆ ನಿಂತೆ.

“ಆಗಲಿ ಬಿಡ್ರಿ. ಅದನ್ನ ಓದಿ ಯಾರೂ ಹಾಸ್ಟೆಲ್ ಅಂತೂ ಬಿಡೂದಿಲ್ಲ,” ಎಂದರು.

ಮುಂದಿನ ಪತ್ರದಲ್ಲಿ ಮೊದಲ ಸಾಲೇ ಹಿರೇಬೆಂಡಿಗೇರಿಯ ಬಸ್ಸು ಆಗಿಲ್ಲ, ಹಿಂದಿನ ಪತ್ರ ತಪ್ಪು. ನವಿಲುಗಳದ್ದೂ ಆಗಿಲ್ಲ. ಕುರ್ಚಿಗಳೂ ಬಂದಿಲ್ಲ, ಚಹಾ ಮಾತ್ರ ಸಿಕ್ಕಿದೆ. ಜನ ಬೇಸರಪಡಲಿಲ್ಲ. ಬಂಕಾಪುರದ ಚಹಾದಂಗಡಿಯವನು ಅದನ್ನು ಗೋಡೆಗೆ ಅಂಟಿಸಿ, “ಈ ತಿಂಗಳ ಏನೇನ ಆಗಿಲ್ಲ, ಜೋರಾಗಿ ಓದ್ರಿ” ಎಂದು ಗಿರಾಕಿಗಳಿಗೆ ಹೇಳಿದನಂತೆ.

ಒಂದು ತಿಂಗಳು ದಾಟಿ ಕೆಲವು ದಿನಗಳಾಗಿರಬೇಕು. ಅಕ್ಕಾರ ಮಾತು ಬಂತು: “ಬಾಯಾರ, ಬಸ್ಸಿಂದು ಆಗೈತಿ. ಜೀಪ್ ನಿಲ್ಲಿಸಿ ಹೇಳಾಕತ್ತೇನಿ. ತ ಇಲ್ಲ, ಛಲೋತ್ನಾಗಿ ಕೇಳ್ರಿ.” ಐದು ಸಲ ಕೇಳಿದೆ. ಆದರೂ ಬರೆಯಲಿಲ್ಲ. ಮರುದಿನ ಎಂದಿನಂತೆ ಸ್ಕೂಟಿ ತೆಗೆದುಕೊಂಡು ಹೋಗಿ ಅವರಿಬ್ಬರ ಜೊತೆ ನಿಂತೆ. ತಾಯಿಯ ಕೈಯಲ್ಲಿ ದಾರ ಪೋಣಿಸಿದ ಸೂಜಿಗಳ ಅರಿವೆ ಇತ್ತು. ಏಳಕ್ಕೆ ಇನ್ನೂ ಐದು ನಿಮಿಷವಿರುವಾಗ ತಿರುವಿನಲ್ಲಿ ಬಸ್ಸು ಕಂಡಿತು. ಹುಡುಗಿ ಹತ್ತಿ ಕಿಟಕಿಯ ಪಕ್ಕ ಕುಳಿತು, ನನ್ನ ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿದೆ ಎಂದು ಸನ್ನೆ ಮಾಡಿದಳು. ಅವಳ ಸೀಟು ಉಳಿಯಿತು ಎಂಬ ಸಂತೋಷ ಎಷ್ಟಿತ್ತೋ, ನಾಳೆಯಿಂದ ಅವಳು ನನ್ನ ಹಿಂದೆ ಕೂರುವುದಿಲ್ಲ ಎಂಬ ದುಃಖವೂ ಅಷ್ಟೇ ಇತ್ತು.

ಬಸ್ಸು ಮರೆಯಾದ ಮೇಲೆ ತಾಯಿ ನನ್ನ ಕೈ ಹಿಡಿದಳು.

“ಈಗ ಬರೀರಿ, ಬಾಯಾರ.”

ಅಲ್ಲೇ ನಿಂತು ಫೋನಿನಲ್ಲಿ ಬರೆದೆ: ‘ಹಿರೇಬೆಂಡಿಗೇರಿಗೆ ಬೆಳಗಿನ ಬಸ್ಸು ಬಂದಿದೆ. ನಾನು ಕಣ್ಣಾರೆ ನೋಡಿದ್ದೇನೆ.’ ಪತ್ರ ಹೋಗುವುದು ಅಕ್ಕಾರ ಹೆಸರಿನಲ್ಲಿ. ಅಂದು ಆ ಹೊತ್ತಿಗೆ ಅವರು ಹಿರೇಕೆರೂರಿನಲ್ಲಿದ್ದರು. ಆ ‘ನಾನು’ ತಪ್ಪು ಎಂದು ಹೊಳೆದದ್ದು ಕಳಿಸಿದ ಮೇಲೆ. ಅಕ್ಕಾರು ಅದನ್ನು ಹಾಗೆಯೇ ಅಚ್ಚಿಗೆ ಕೊಟ್ಟು, ತಮ್ಮ ಸಹಿಯ ಕೆಳಗೆ ನನ್ನ ಸಹಿಗೂ ಜಾಗ ಬಿಟ್ಟಿದ್ದರು.