ಸಿಂಕ್ರೊಟ್ರಾನಿಗೆ ಹೊರಟ ಬಿತ್ತನೆ ಅವರೆ

ಬಿತ್ತನೆ ಬೀಜ ಕೇಳಿಕೊಂಡು ಬಂದವರಿಗೆ ನಮ್ಮವ್ವ ಹಾಕುತ್ತಿದ್ದದ್ದು ಒಂದೇ ಪ್ರಶ್ನೆ: ಯಾವ ಹೊಲಕ್ಕೆ? ಹೊಲದ ಹೆಸರು ಹೇಳದವರು ನೆಂಟರಾದರೂ ಸರಿ, ಬರಿಗೈಲಿ ಹೋಗಬೇಕು. ನಾಗಮಂಗಲದ ಕಡೆಯ ಖುಷ್ಕಿ ಊರು ನಮ್ಮದು. ರಾಗಿಯ ನಡುವೆ ಸಾಲು ಬಿಟ್ಟು ಅವರೆ ಹಾಕುತ್ತಿದ್ದೆವು. ಬೀಜಕ್ಕೆಂದು ಆರಿಸಿದ ಅವರೆಗೆ ಹುಳು ಬೀಳದಿರಲೆಂದು ಅವ್ವ ಕಲಸಿದ ಕೆಮ್ಮಣ್ಣು ಕಟ್ಟಿ, ಒಣಗಿಸಿ, ತುಂಬಿಡುತ್ತಿದ್ದಳು. ಬೇಯಿಸುವುದಿರಲಿ, ಮುಟ್ಟಿದರೂ ಬೈಗುಳ.

ತೊಂಬತ್ತರ ದಶಕದಲ್ಲಿ ನಾನು ಮೈಸೂರಿನ ಲ್ಯಾಬೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅವರೆಕಾಳಿನ ಒಂದು ಪ್ರೋಟೀನಿನ ಆಕಾರ ಕಂಡುಹಿಡಿಯುವುದು ನನ್ನ ಕೆಲಸ. ಅದಕ್ಕೆ ಪ್ರೋಟೀನು ಹರಳುಗಟ್ಟಬೇಕು. ಅಂಗಡಿಯ ಕಾಳು, ಬೀಜದ ಕಂಪನಿಯ ಕಾಳು, ಎರಡರಿಂದಲೂ ಬರೀ ಗಸಿ. ಕೊನೆಗೆ ಊರಿಗೆ ಹೋಗಿ ಅವ್ವನನ್ನು ಕೇಳಿದೆ.

“ಯಾವ ಒಲಕ್ಕೆ?”

“ಒಲಕ್ಕಲ್ಲ ಕಣವ್ವ, ಲ್ಯಾಬಲ್ಲಿ ಅರೆಯಕ್ಕೆ.”

“ಬಿತ್ನೆ ಬೀಜ ಅರೆದೀಯಾ? ಓದಿ ಓದಿ ಮರುಳಾದ ಕೂಚಂಭಟ್ಟ ಅಂದಂಗಾಯ್ತು ನಿನ್ ಕತೆ!”

ಒಂದಿಷ್ಟು ಹೊತ್ತು ಕೂಗಾಡಿ, ಆಮೇಲೆ ತಾನೇ ಒಂದು ಸೇರು ಅಳೆದು ಕೊಟ್ಟಳು.

ಅದರಿಂದ ಹರಳು ಬಂತು. ಕಣ್ಣಿಗೆ ಕಂಡೂ ಕಾಣದಂಥ ಸೂಜಿ. ನಮ್ಮ ಲ್ಯಾಬಿನ ಎಕ್ಸ್-ರೇಗೆ ಅದು ಏನೇನೂ ಸಾಲದು, ಬರೀ ಮಸುಕು ಚುಕ್ಕೆ ಮೂಡುತ್ತಿತ್ತು. ಸಿಂಕ್ರೊಟ್ರಾನೇ ಬೇಕಿತ್ತು. ದೊಡ್ಡ ಉಂಗುರದೊಳಗೆ ಎಲೆಕ್ಟ್ರಾನುಗಳನ್ನು ಓಡಿಸಿ ಬಲು ಪ್ರಖರವಾದ ಎಕ್ಸ್-ರೇ ಹೊರಡಿಸುವ ಯಂತ್ರ ಅದು. ಆಗ ನಮ್ಮ ಕೆಲಸಕ್ಕೆ ಆಗುವಂಥದ್ದು ಇದ್ದದ್ದು ಪರದೇಶದಲ್ಲಿ. ಅರ್ಜಿ ಹಾಕಬೇಕಿತ್ತು, ಒಪ್ಪಿದರೆ ಆ ಯಂತ್ರ ಬಳಸಲು ಒಂದು ದಿನ ಕೊಡುತ್ತಿದ್ದರು. ಕೊಡದಿದ್ದರೆ ನನ್ನ ಥೀಸಿಸ್ ಅಲ್ಲಿಗೇ ನಿಂತಂತೆ.

ಅರ್ಜಿಯಲ್ಲಿ, ಬೀಜ ಎಲ್ಲಿಂದ ಬಂತು ಅನ್ನುವ ಕಡೆ ಅವ್ವನ ಹೆಸರು, ಊರು ಬರೆದೆ. ಗೈಡ್ ನಕ್ಕರು.

“ಇಲ್ಲಿ ಕಂಪನಿ ಹೆಸರು ಬರೀಬೇಕಮ್ಮ. ಯಾವುದಾದರೂ ಒಂದು ಹಾಕು, ಯಾರು ಬಂದು ನೋಡ್ತಾರೆ?”

“ಕಂಪನಿ ಕಾಳಲ್ಲಿ ಹರಳೇ ಬರಲಿಲ್ಲವಲ್ಲ, ಸರ್.”

ಅರ್ಜಿ ವಾಪಸ್ ಬಂತು. ಬೀಜದ ಮೂಲ ಸ್ಪಷ್ಟವಿಲ್ಲ, ಮಾನ್ಯತೆ ಇರುವವರಿಂದ ತರಿಸಿಕೊಳ್ಳಿ ಅಂತ ಷರಾ. ನನಗೆ ಉರಿದುಹೋಯಿತು. ಮೂಲ ಸ್ಪಷ್ಟವಿಲ್ಲವಂತೆ! ಯಾವ ಹೊಲ, ಯಾವ ಸಾಲು, ಆರಿಸಿದ್ದು ಯಾರು, ಎಲ್ಲ ಗೊತ್ತಿರುವ ಬೀಜಕ್ಕೆ ಮೂಲವಿಲ್ಲ. ಮೂಟೆಗೊಂದು ಚೀಟಿ ಅಂಟಿಸಿದರೆ ಮೂಲ ಬಂದುಬಿಡುತ್ತದೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಮುಂದಿನ ಸರದಿಗೆ ಮತ್ತೆ ಅವ್ವನ ಹೆಸರನ್ನೇ ಬರೆದೆ. ಜೊತೆಗೆ ಹೊಲ ಯಾವುದು, ಕೆಮ್ಮಣ್ಣು ಕಟ್ಟುವುದು ಹೇಗೆ, ಕಂಪನಿ ಬೀಜದ ಗತಿ ಏನಾಯಿತು ಅನ್ನುವುದನ್ನೂ ಬರೆದು, ಗಸಿಯ ಫೋಟೋ ಅಂಟಿಸಿದೆ. ಗೈಡ್ ಸಹಿ ಹಾಕದೆ ಪೆನ್ನು ಹಿಡಿದು ಕೂತರು.

“ಹಟಮಾರಿ ನೀನು. ಈ ಸಲವೂ ಒಪ್ಪದಿದ್ದರೆ?”

“ಮತ್ತೆ ಇದನ್ನೇ ಬರೀತೀನಿ.”

ಬೈದುಕೊಂಡೇ ಸಹಿ ಹಾಕಿದರು. ಈ ಸಲ ಒಪ್ಪಿಗೆಯ ಫ್ಯಾಕ್ಸ್ ಬಂತು. ಬೀಜದ ಮೂಲದ ಎದುರು ಅವ್ವನ ಹೆಸರು ಟೈಪಾಗಿತ್ತು. ನನಗೆ ಅಳು ಬಂತು, ತಡೆದುಕೊಂಡೆ. ಗೈಡ್ ಮೈಸೂರುಪಾಕು ತರಿಸಿ, ಲ್ಯಾಬಿನವರಿಗೆಲ್ಲ ಹಂಚುತ್ತಾ ಬಂದರು.

“ನೋಡಿದ್ರಾ, ನಮ್ಮ ಲ್ಯಾಬಿನ ಅವರೆ ಗೆದ್ದುಬಿಡ್ತು!”

“ನಮ್ಮವ್ವನ ಅವರೆ, ಸರ್,” ಅಂದೆ.

ಅವರು ಡಬ್ಬಿಯನ್ನು ನನ್ನ ಮುಂದೆ ಹಿಡಿದು, “ಆಯ್ತಮ್ಮ, ನಿಮ್ಮವ್ವನದೇ,” ಅಂದರು. ಅಂದಮೇಲೇ ನಾನು ಸ್ವೀಟಿಗೆ ಕೈ ಹಾಕಿದ್ದು.