ಜಗಲಿಯ ಮೇಲಿದ್ದ ನನ್ನ ಲಿಂಗ

ಆಪರೇಷನ್ನಿಗೆ ಒಯ್ಯುವ ಮುಂಚೆ ನರ್ಸ್ ಬಂದು, ಮೈಮೇಲೆ ಏನೇನಿದೆಯೋ ಎಲ್ಲ ಬಿಚ್ಚಿಕೊಡಿ ಎಂದಳು. ಬಳೆ ಬಿಚ್ಚಿದೆ, ಮೂಗುಬೊಟ್ಟು ಬಿಚ್ಚಿದೆ, ತಾಳಿ ಬಿಚ್ಚಿದೆ. ಲಿಂಗದ ಹತ್ತಿರ ಬಂದಾಗ ಕೈ ನಿಂತಿತು. ನಮ್ಮದು ಲಿಂಗ ಕಟ್ಟುವ ಮನೆತನ. ನಾನು ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಅದು. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಕೂತು, ಶಿವದಾರದಲ್ಲಿ ಎದೆಯ ಮೇಲೆ ತೂಗುತ್ತ, ನನ್ನ ಜೊತೆಗೇ ಶಾಲೆಗೆ ಹೋಗಿದೆ, ನನ್ನ ಜೊತೆಗೇ ಗಂಡನ ಮನೆಗೆ ಬಂದಿದೆ. ಮೈಯಿಂದ ಅದನ್ನು ಅಗಲಿಸಬಾರದು ಎಂದು ಕಲಿತು ಬೆಳೆದವಳು ನಾನು.

ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗು ಒಡ್ಡಿದರು. “ಇಲ್ಲಿ ಹಾಕವ್ವ. ಜ್ವಾಪಾನಾಗಿ ಇಟ್ಕೊಂಡಿರ್ತೀನಿ. ನೀ ಹೊರಗ ಬಂದ ಕೂಡ್ಲೆ ನನ್ ಕೈಯಾರೆ ಕಟ್ತೀನಿ” ಎಂದರು. ಸೆರಗಿಗೆ ಬಿದ್ದ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಆ ಮಾತು ನಂಬಿಕೊಂಡೇ ನಾನು ಒಳಗೆ ಹೋದೆ.

ಕ್ರೋನ್ಸ್ ಎಂಬ ಈ ಕಾಯಿಲೆಯ ಹೆಸರು ನನಗೆ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಕರುಳಿನೊಳಗೆ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಹುಣ್ಣಾಗುತ್ತದೆ, ಕೊನೆಗೆ ಕರುಳು ಗಟ್ಟಿಯಾಗಿ ದಾರಿಯೇ ಕಟ್ಟಿಕೊಳ್ಳುತ್ತದೆ. ಒಬ್ಬ ಡಾಕ್ಟರು ಮೂಲವ್ಯಾಧಿ ಎಂದರು. ಇನ್ನೊಬ್ಬರು ಕರುಳಿನ ಟೀಬಿ ಎಂದು ತಿಂಗಳುಗಟ್ಟಲೆ ಗುಳಿಗೆ ನುಂಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ದಿನಗಳಲ್ಲಿ ನಾನು ಹೊಸಪೇಟೆಯ ಚಿತ್ತವಾಡ್ಗಿಯಿಂದ ಸಂಡೂರು ತಾಲ್ಲೂಕಿನ ವಡ್ಡುವಿಗೆ ಬಸ್ಸಿನಲ್ಲಿ ಓಡಾಡುತ್ತ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅದಿರು ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ಹೆಂಗಸಿನ ಅವಸ್ಥೆ ಯಾವ ವೈದ್ಯಶಾಸ್ತ್ರದಲ್ಲೂ ಬರೆದಿರಲಿಕ್ಕಿಲ್ಲ. ಬಸ್ಸು ನಿಲ್ಲಿಸಿ ಎಂದು ಕೇಳಿದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು.

ಕೊನೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೆಟ್ಟ ಕರುಳನ್ನು ಕತ್ತರಿಸಿ ತೆಗೆದರು. ಉಳಿದದ್ದು ಮಾಯಲಿ ಎಂದು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ, ಹೊಕ್ಕುಳದ ಬಲಕ್ಕೆ, ಸ್ವಲ್ಪ ಕೆಳಗೆ ಹೊರತಂದು ಚೀಲ ಅಂಟಿಸಿದರು. ಕೆಲವು ತಿಂಗಳಾದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಒಳಗೆ ಸೇರಿಸುತ್ತೇವೆ ಎಂದರು. ಅಲ್ಲಿಯತನಕ ಕೆಳಗೆ ಹೋಗಬೇಕಾದದ್ದು ಆ ಚೀಲಕ್ಕೆ ಬರುತ್ತದೆ, ತುಂಬಿದಾಗ ಬಸಿದು ತೊಳೆಯಬೇಕು. ಮೊದಲ ಸಲ ನೋಡಿದಾಗ ನನ್ನ ಹೊಟ್ಟೆ ನನ್ನದೇ ಅನ್ನಿಸಲಿಲ್ಲ. ಕೆಂಪಗೆ, ಒದ್ದೆಯಾಗಿ, ನನ್ನನ್ನು ಕೇಳದೆ ತನ್ನಷ್ಟಕ್ಕೆ ಮಿಸುಕುವ ಕರುಳು. ಅತ್ತೆ ಬಾಗಿಲಲ್ಲೇ ಮುಖ ತಿರುಗಿಸಿಕೊಂಡರು. ಗಂಡ ಟೀ ತರುತ್ತೇನೆಂದು ಹೊರಗೆ ಹೋದರು.

ಆ ದಿನಗಳಲ್ಲಿ ಚೀಲ ಬಸಿದದ್ದು ವಾರ್ಡಿನ ಆಯಾ. ನಡುವಯಸ್ಸಿನ ಹೆಂಗಸು, ಬಾಯಲ್ಲಿ ಯಾವಾಗಲೂ ಅಡಿಕೆ, ಸೋಮಾರಿ ಹುಡುಗಿಯರನ್ನು ಬಯ್ಯುತ್ತಲೇ ಓಡಾಡುವವಳು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡರೆ, “ಕಣ್ಣ್ಯಾಕ ಮುಚ್ತೀರಿ ಅಕ್ಕಾರ, ನಿಮ್ಮ ಹೊಟ್ಟಿ ನೀವಽ ನೋಡ್ರಿ” ಎಂದು ಗದರುತ್ತಿದ್ದಳು. ಒಮ್ಮೆಯೂ ಮೂಗು ಮುಚ್ಚಲಿಲ್ಲ. ಅತ್ತೆ ಇನ್ನೂ ನನಗೆ ಲಿಂಗ ಕಟ್ಟಿರಲಿಲ್ಲ. ನಾನು ಅಲ್ಲಿಂದ ಹೊರಡುವ ದಿನವೂ ಅದರ ಮಾತು ಎತ್ತಿದೆ. “ಮನಿಗೆ ಹೋಗಿ ಜಳಕ ಮಾಡಿ ಕಟ್ಕೊಳ್ಳುವಂತಿ” ಎಂದರು ಅತ್ತೆ. ಅದೂ ಸರಿಯೇ ಅನ್ನಿಸಿತು.

ಚಿತ್ತವಾಡ್ಗಿಯ ಮನೆಯಲ್ಲಿ ನನ್ನ ಹಾಸಿಗೆಯನ್ನು ಹಿತ್ತಲ ಕಡೆಯ ಸಣ್ಣ ಕೋಣೆಗೆ ಹಾಕಿದ್ದರು. ಕಡಲೆಹಿಟ್ಟಿನ ಚೀಲ, ಮುರಿದ ಕುರ್ಚಿ, ಹಳೆಯ ಕೂಲರ್, ಅವುಗಳ ನಡುವೆ ನಾನು. ಸಂಡಾಸಿಗೆ ಹತ್ತಿರವಾಗುತ್ತದೆ ಎಂಬುದು ಕಾರಣ. ಮೈ ತೊಳೆದುಕೊಂಡು ಲಿಂಗ ಕೇಳಿದೆ. ನಮ್ಮಲ್ಲಿ ಜಳಕವಾದ ಮೇಲೆ ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡಿಕೊಳ್ಳದೆ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಈ ವಿಷಯದಲ್ಲಿ ಅತ್ತೆ ನನಗಿಂತ ಬಿಗಿ.

“ಜಗಲಿ ಮ್ಯಾಲ ಇಟ್ಟೀನವ್ವ, ದೇವ್ರ ಹತ್ರ. ದಿನಾ ನಾನಽ ಪೂಜಿ ಮಾಡಾಕತ್ತೀನಿ. ಆ ಚೀಲ ಹೊಟ್ಟಿ ಮ್ಯಾಲ ಇರೂತನಕ ಹೆಂಗ ಕಟ್ಟೂದು? ತೆಗದ ಮ್ಯಾಲ ಕಟ್ಕೊಂಡ್ರಾತು. ಲಿಂಗಕ್ಕ ಹೊಲಸು ತಗಲಬಾರ್ದು.”

ಹೀಗೆ ಹೇಳಿ ಗಂಜಿಯ ಬಟ್ಟಲು ಮುಂದಿಟ್ಟರು. ಪೂಜೆಯಿಲ್ಲದೆ ತಾವು ಟೀ ಸಹ ಮುಟ್ಟದ ಹೆಂಗಸು, ನನ್ನ ಕತ್ತು ಬರಿದಾಗಿರುವಾಗಲೇ ಉಣ್ಣು ಎಂದರು. ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ. ಮೈಯೆಲ್ಲ ಉರಿದುಹೋಯಿತು. ಆದರೆ ಕೂಗಲು ಹೊಟ್ಟೆಯಲ್ಲಿ ಬಲವಿಲ್ಲ, ಹೊಲಿಗೆ ಹಿಡಿಯುತ್ತದೆ. ಹೊತ್ತು ಹೊತ್ತಿಗೆ ಉಪ್ಪು ಸಕ್ಕರೆ ನೀರು ಕುಡಿಯದಿದ್ದರೆ ಮೈ ಒಣಗಿ ಮತ್ತೆ ಆಸ್ಪತ್ರೆ ಸೇರುತ್ತೀಯ ಎಂದು ಡಾಕ್ಟರು ಹೆದರಿಸಿದ್ದರು. ಗಂಜಿ ಕುಡಿದೆ. ಆ ಗಂಜಿಯ ರುಚಿ ಇವತ್ತಿಗೂ ನಾಲಿಗೆಯ ಮೇಲೆ ಸಿಟ್ಟಾಗಿಯೇ ಕೂತಿದೆ.

ನೋಡಲು ಬರುವವರ ಸಾಲು ಶುರುವಾಯಿತು. ಬಂದವರ ಕೈಯಲ್ಲಿ ಬ್ರೆಡ್ಡು, ಬಾಯಲ್ಲಿ ಕಾರಣ. ಮಿರ್ಚಿ ಬಜ್ಜಿ ಭಾಳ ತಿಂತಿದ್ಲು ಎಂದರು ಒಬ್ಬರು. ಕೆಲಸಕ್ಕೆ ಹೋಗೋ ಹೆಂಗಸರಿಗೆ ಹೊತ್ತಿಗೆ ಸರಿ ಊಟ ಎಲ್ಲೀದು ಎಂದರು ಇನ್ನೊಬ್ಬರು. ಮತ್ತೆ ಕೆಲವರು ಹಂಪಿಗೆ ಹೋಗಿ ನನ್ನ ಹೆಸರಿನಲ್ಲಿ ಕಾಯಿ ಒಡೆಸಿ ತಂದರು. ಈ ಕರುಳಿಗೆ ಕೊಬ್ಬರಿ ಹೋದರೆ ಸಿಕ್ಕಿಕೊಳ್ಳುತ್ತದೆ ಎಂದರೆ, ಪ್ರಸಾದ ಬ್ಯಾಡ ಅನ್ನಬಾರ್ದು ಎಂದು ಕಣ್ಣು ಬಿಟ್ಟರು. ನನ್ನ ಹೊಟ್ಟೆಗಾಗಿ ಒಡೆಸಿದ ಕಾಯಿಯನ್ನು ಅವರವರೇ ತಿಂದು ಹೋದರು. ಎಲ್ಲರಿಗೂ ಚೀಲ ನೋಡುವ ಆಸೆ. ಸೀರೆಯ ನೆರಿಗೆಯ ಕಡೆ ಕದ್ದು ನೋಡಿ, “ವಾಸನಿ ಬರಂಗಿಲ್ಲಲ್ಲ!” ಎಂದು ಅಚ್ಚರಿ ಪಟ್ಟವರೂ ಇದ್ದರು. ವಾಸನೆ ಬಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ.

ಅಡುಗೆಮನೆಗೂ ನಾನು ಹೋಗುವಂತಿರಲಿಲ್ಲ. ಯಾರೂ ಬಾಯಿಬಿಟ್ಟು ಬರಬೇಡ ಎನ್ನಲಿಲ್ಲ. ನಾನು ಹೊಸ್ತಿಲ ಹತ್ತಿರ ಬಂದರೆ ಅತ್ತೆ, “ಏನ್ ಬೇಕವ್ವ, ನಾ ತರ್ತೀನಿ” ಎಂದು ಅಡ್ಡ ನಿಲ್ಲುತ್ತಿದ್ದರು. ನನ್ನ ತಟ್ಟೆ, ಲೋಟ ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿದ್ದವು. ದೇವರ ಜಗಲಿ ಇರುವುದು ಅಡುಗೆಮನೆಯ ಮೂಲೆಯಲ್ಲಿ. ಹೊಸ್ತಿಲಲ್ಲಿ ನಿಂತರೆ ನನ್ನ ಕರಡಿಗೆ ಕಾಣುತ್ತಿತ್ತು, ಮೇಲೊಂದು ಹೂವು. ಅತ್ತೆ ಒಂದು ದಿನವೂ ಪೂಜೆ ತಪ್ಪಿಸಲಿಲ್ಲ, ಅದನ್ನು ಹೇಳಲೇಬೇಕು. ನನ್ನ ಬಟ್ಟೆ ಒಗೆದರು, ಗಂಜಿ ಸೋಸಿದರು, ತಲೆಗೆ ಎಣ್ಣೆ ಹಚ್ಚಿದರು. ಇಷ್ಟೆಲ್ಲ ಮಾಡುವ ಕೈ ಆ ಒಂದನ್ನು ಕೊಡಲಿಲ್ಲ. ಪ್ರೀತಿ ಇಲ್ಲದವರಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ.

ಗಂಡನಿಗೆ ಹೇಳಿದೆ. “ನಮ್ಮವ್ವ ಮುಂಜಾನಿಂದ ಸಂಜಿತನ ನಿನ್ನ ಸೇವಾ ಮಾಡಾಕತ್ಯಾಳ. ಇಷ್ಟಕ್ಕ ಯಾಕ ರಂಪ? ಸ್ವಲ್ಪ ದಿನದ್ ಮಾತು, ಸುಮ್ನಿರು” ಎಂದರು. ಎಮ್ಮಿಗನೂರಿನಿಂದ ಬಂದ ನನ್ನ ಅವ್ವನಿಗೆ ಹೇಳಿದೆ. “ಹೊಂದ್ಕೊಂಡು ಹೋಗವ್ವ” ಎಂದಳು. ಈ ಹೊಂದಿಕೊಂಡು ಹೋಗುವುದನ್ನು ಕಂಡುಹಿಡಿದವರು ಯಾರೋ, ಅವರ ಹೊಟ್ಟೆಗೂ ಒಂದು ಚೀಲ ಅಂಟಲಿ ಎಂದು ಶಪಿಸಿದೆ. ಅವ್ವನ ಅತ್ತೆ, ಅಂದರೆ ನನ್ನ ಅಜ್ಜಿ, ಮುಟ್ಟಾದಾಗಲೂ ಹೆತ್ತಾಗಲೂ ಲಿಂಗ ತೆಗೆಯದವಳು. ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತು ಹೇಳುತ್ತಿದ್ದಳು: “ಲಿಂಗ ಕಟ್ಟಿದ ಮೈಗೆ ಸೂತಕ ಎಲ್ಲೀದು? ಸೂತಕ ಅನ್ನೋರಿಗೆ ಲಿಂಗ ಯಾಕ ಬೇಕು?” ಸೂತಕ ಇಲ್ಲ ಎಂಬುದೇ ನಮ್ಮ ಧರ್ಮದ ಹೆಮ್ಮೆ. ಆ ಹೆಮ್ಮೆಯನ್ನು ಭಾಷಣದಲ್ಲಿ ಕೇಳಿ ಚಪ್ಪಾಳೆ ತಟ್ಟಿ ಬಂದವರೇ ಮನೆಯಲ್ಲಿ ನನ್ನ ತಟ್ಟೆ ಬೇರೆ ಇಡುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಕಂಪ್ಲಿಯಿಂದ ಅತ್ತೆಯ ತಂಗಿ ಬಂದಿದ್ದರು, ಅಕ್ಕಿ ಗಿರಣಿಯವರ ಮನೆಯವರು. ಅಕ್ಕತಂಗಿಯರು ಜಗಲಿಯ ಮುಂದೆ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ನಾನು ಚೀಲ ಬಸಿದು ತೊಳೆದು, ಜಳಕ ಮಾಡಿ, ಒದ್ದೆ ಕೂದಲಿನಲ್ಲೇ ಹೊಸ್ತಿಲು ದಾಟಿದೆ.

“ಮುಟ್ಟಬ್ಯಾಡ!” ಎಂದರು ಅತ್ತೆ.

“ಅತ್ತಿ, ನಿಮ್ಮ ಹೊಟ್ಟ್ಯಾಗ ಏನೈತ್ರಿ?” ಎಂದೆ.

ಇಬ್ಬರೂ ನನ್ನ ಮುಖ ನೋಡಿದರು.

“ನಿಮ್ಮ ಹೊಟ್ಟ್ಯಾಗೂ ಅದಽ ಐತಿ, ಅವರ ಹೊಟ್ಟ್ಯಾಗೂ ಅದಽ ಐತಿ. ನಿಮ್ದು ತೊಗಲಿನ ಚೀಲ, ನಂದು ಪ್ಲಾಸ್ಟಿಕ್ ಚೀಲ. ಅದನ್ನ ತುಂಬ್ಕೊಂಡಽ ನೀವು ಅಂಗೈಯಾಗ ಲಿಂಗ ಹಿಡದೀರಲ್ರಿ? ನಾನರ ಈಗ ತೊಳಕೊಂಡು ಬಂದೀನಿ.”

ಕಂಪ್ಲಿಯವರು “ಶಿವ ಶಿವ” ಎಂದರು. ನಾನು ಕರಡಿಗೆ ಎತ್ತಿಕೊಂಡೆ. ಲಿಂಗ ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದೆಂಬ ರೂಢಿ ನನಗೂ ಗೊತ್ತು. ಶಿವದಾರವನ್ನು ಮೋಟು ಮಾಡಿ, ಎದೆಯ ಮೇಲಕ್ಕೇ ಬರುವಂತೆ ಗಂಟು ಹಾಕಿದೆ. ಮೇಲೆ ಲಿಂಗ, ಕೆಳಗೆ ಚೀಲ, ನಡುವೆ ಗೇಣು ಜಾಗ. ಅಲ್ಲೇ ಅವರ ಪಕ್ಕದಲ್ಲಿ ಕೂತು ಪೂಜೆ ಮಾಡಿಕೊಂಡೆ. ನಡುವೆ ಚೀಲ ಗುರ್ ಎಂದಿತು, ಅದಕ್ಕೆ ಹೊತ್ತುಗೊತ್ತಿಲ್ಲ. ನಾನು ನಿಲ್ಲಿಸಲಿಲ್ಲ.

ಅತ್ತೆ ಅತ್ತರು. ಕಂಪ್ಲಿಯವರು ಅಡುಗೆಯಾಗಿದ್ದರೂ ಉಣ್ಣದೆ ಹೋದರು. ಅಂದಿನಿಂದ ಮನೆಯಲ್ಲಿ ಯಾರೂ ನನ್ನ ಲಿಂಗದ ಮಾತು ಎತ್ತಲಿಲ್ಲ, ಆದರೆ ನನ್ನ ತಟ್ಟೆಯೂ ಹಿತ್ತಲ ಕಟ್ಟೆ ಬಿಟ್ಟು ಒಳಗೆ ಬರಲಿಲ್ಲ. ಗೆದ್ದೆ ಎಂದು ಹೇಗೆ ಹೇಳಲಿ?

ತಿಂಗಳುಗಳು ಕಳೆದು, ಕರುಳನ್ನು ಒಳಗೆ ಸೇರಿಸಲು ಮತ್ತೆ ಅದೇ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಅತ್ತೆ ಖುಷಿಯಾಗಿದ್ದರು. “ಇನ್ನ ಎಲ್ಲ ಮೊದ್ಲಿನಂಗ ಆಗತೈತಿ” ಎಂದು ದಾರಿಯುದ್ದಕ್ಕೂ ಹೇಳಿದರು. ಹೊಸ ಶಿವದಾರವನ್ನೂ ತಂದಿದ್ದರು. ಅವರ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಆಗಿತ್ತು. ನನ್ನ ಮನಸ್ಸಿನಲ್ಲಿ ಆಗಿರಲಿಲ್ಲ.

ಮತ್ತೆ ನರ್ಸ್ ಬಂದಳು. ಬಳೆ, ಮೂಗುಬೊಟ್ಟು, ತಾಳಿ ಬಿಚ್ಚಿ ಗಂಡನ ಕೈಗೆ ಕೊಟ್ಟೆ. ಲಿಂಗ ಬಿಚ್ಚುವಾಗ ಅತ್ತೆ ಎದ್ದು ಬಂದು, ಹೋದ ಸಲದ ಹಾಗೆಯೇ, ಸೆರಗು ಒಡ್ಡಿ ನಿಂತರು. ಗಾಲಿಮಂಚ ತಳ್ಳಲು ಬಂದಿದ್ದವಳು ಅದೇ ಆಯಾ. ನಾನು ಲಿಂಗವನ್ನು ಅವಳ ಮುಂದೆ ಹಿಡಿದೆ.

ಅವಳು ಹಿಂದೆ ಸರಿದಳು. “ನಾ ಮುಟ್ಟಬೌದೇನ್ರಿ ಅಕ್ಕಾರ?”

“ನನ್ನ ಹೊಲಸು ಬಳದೀರಿ, ಇದನ್ನ ಮುಟ್ಟಾಕ ಏನಾಗೈತ್ರಿ? ನಾ ಹೊರಗ ಬಂದ ಕೂಡ್ಲೆ ಕಟ್ರಿ.”

“ಅವಳ ಕೈಯಾಗಾ?” ಎಂದರು ಅತ್ತೆ.

“ಹೂಂ ಅತ್ತಿ” ಎಂದೆ. ಆಯಾ ಕೈಯನ್ನು ಸೀರೆಗೆ ಒರೆಸಿಕೊಂಡು ಲಿಂಗ ತೆಗೆದುಕೊಂಡಳು. ಮಂಚ ಮೂಲೆ ತಿರುಗುವಾಗ ನೋಡಿದೆ, ಅತ್ತೆ ಸೆರಗು ಒಡ್ಡಿಕೊಂಡೇ ನಿಂತಿದ್ದರು. ಪಾಪ ಎನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಜನ ಹೇಳುತ್ತಾರೆ, ಹೇಳಲಿ.

ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆಯ ಮೇಲೆ ಪಟ್ಟಿ ಇತ್ತು, ಚೀಲ ಇರಲಿಲ್ಲ. ಎದೆಯ ಮೇಲೆ ಕೈಯಾಡಿಸಿದೆ. ಕರಡಿಗೆ ಅಲ್ಲಿತ್ತು. ಶಿವದಾರ ಕಟ್ಟಿ ರೂಢಿಯಿಲ್ಲದ ಕೈ, ಗಂಟು ವಾರೆಯಾಗಿ ಕತ್ತಿನ ಪಕ್ಕಕ್ಕೆ ಬಿದ್ದಿತ್ತು. ಮನೆಗೆ ಬಂದ ಮೇಲೆ ಅತ್ತೆ, “ಹೊಸಾ ದಾರ ಹಾಕಿ ಸರಿಯಾಗಿ ಕಟ್ತೀನಿ, ತಾ” ಎಂದು ಕೈ ಚಾಚಿದರು. ಬ್ಯಾಡ್ರಿ ಎಂದೆ. ಆ ಗಂಟನ್ನು ಇನ್ನೂ ಬಿಚ್ಚಿಲ್ಲ.