ಸಿಮ್ಮರ್ ಎಲ್ಲಿಯ ತನಕ?

ಗೆಳೆಯರೇ, ಒಂದು ಇಂಗ್ಲಿಷ್ ಪದ ಇವತ್ತು ನನ್ನ ಮಗಳು ಅಳುವಂತೆ ಮಾಡಿಬಿಡುತ್ತಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಕಟ್ಟಿನ ಸಾರು ಮಾಡುವುದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ. ಕೊನೆಯಲ್ಲಿ ‘ಸಿಮ್ಮರ್’ ಎಂದಿದ್ದೆ. ಪವಾಯಿಯ ಅವಳ ಹೊಸ ಫ್ಲ್ಯಾಟಿಗೆ ಮರಾಠಿ ಅತ್ತೆ ಮೊದಲ ಸಲ ಊಟಕ್ಕೆ ಬರುವವರಿದ್ದರು.

ಫೋನು ಬಂತು. “ಅಮ್ಮಾ, ಸಿಮ್ಮರ್ ಅಂದ್ರ ಸಣ್ಣ ಉರಿ, ಗೊತ್ತದ. ಲೇಕಿನ್ ಕಬ್ ತಕ್?”

ನಿಘಂಟು ನೋಡಿದೆ. ಕುದಿಯ ಅಂಚಿನಲ್ಲಿ ಇರಿಸುವುದು ಎಂದಿತ್ತು, ಎಷ್ಟು ಹೊತ್ತು ಎಂದಿರಲಿಲ್ಲ. ಇಲ್ಲಿ ಆಂಟಾಪ್ ಹಿಲ್‌ನಲ್ಲಿ ನನ್ನ ಮನೆಯಲ್ಲಿ ನಾನು ಗಡಿಯಾರ ನೋಡಿದವಳೇ ಅಲ್ಲ. ಎದುರು ಮನೆಯ ಶಾಂತಕ್ಕ ಘಮ ಹಿಡಿದು ಬಾಗಿಲಿಗೆ ಬಂದು “ಇವತ್ತ ಕಟ್ಟಿನ ಸಾರೇನ್ರಿ?” ಎಂದಾಗ ಗ್ಯಾಸ್ ಆರಿಸುತ್ತೇನೆ.

“ಬಾಜೂದವರು ಏನು ಅಡಗಿ ಅಂತ ಕೇಳೋ ತನಕಾ ಇಡು,” ಎಂದೆ.

“ಇಲ್ಲಿ ಯಾರೂ ಕೇಳೋದಿಲ್ಲಮ್ಮಾ! ಎಲ್ಲರ ಡೋರ್ ಬಂದ್. ಒಲಿ ಮ್ಯಾಲೆ ಘಮಾ ಎಳಕೊಳ್ಳೋ ಚಿಮ್ನಿ ಬೇರೆ.”

“ಚಿಮ್ನಿ ಬಂದ್ ಮಾಡು. ಬಾಗಲಾ ತಗದಿಡು.”

ಫೋನು ಹಿಡಿದುಕೊಂಡೇ ಬಾಗಿಲು ತೆರೆದಳು. ಯಾರೂ ಬರಲಿಲ್ಲ. ವಾಚ್‌ಮನ್ ಮಾತ್ರ ಇಂಟರ್‌ಕಾಮ್‌ನಲ್ಲಿ “ಮೇಡಮ್, ಕುಛ್ ಜಲ್ ರಹಾ ಹೈ ಕ್ಯಾ?” ಎಂದ, ಏನಾದರೂ ಸುಡುತ್ತಿದೆಯಾ ಎಂದು.

“ಅಮ್ಮಾ, ಇದು ಕೇಳಿದಂಗ ಆತೇನು?” ಮಗಳು ಅಳುವುದೊಂದು ಬಾಕಿ.

“ಇಲ್ಲ. ಇನ್ನೊಂಚೂರು ತಡಿ.”

ಅಷ್ಟರಲ್ಲಿ ಅವಳ ಅತ್ತೆಯ ದನಿ ನನಗೂ ಕೇಳಿಸಿತು. “ಲಿಫ್ಟ್‌ಪರ್ಯಂತ ವಾಸ ಯೇತೋಯ್ ಗ! ಕಾಯ್ ಕೇಲಂಸ್?” ಲಿಫ್ಟಿನವರೆಗೂ ಘಮ ಬರುತ್ತಿದೆ, ಏನು ಮಾಡಿದ್ದೀ ಎಂದು.

“ಈಗ ಆರಿಸು!” ಎಂದು ಕೂಗಿದೆ.

ನಿಘಂಟು ಮಾಡುವವರು ದಯವಿಟ್ಟು ತಿದ್ದಿಕೊಳ್ಳಬೇಕು. ಸಿಮ್ಮರ್: ಕುದಿಯ ಅಂಚಿನಲ್ಲಿ ಇರಿಸುವುದು, ಅತ್ತೆ ಲಿಫ್ಟಿನಿಂದ ಇಳಿಯುವ ತನಕ.